ಸುಮ್ಮನಾದ ಮರಿ

ಬೆಕ್ಕಿನ ಮೇಲೆ ನಮ್ಮ ನುಡಿಯಲ್ಲಿ ಗಾದೆಗಳಿಗೆ ಕೊರತೆಯಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಊರಿನ ಕಳ್ಳರಿಗೆಲ್ಲ ಹೋಲಿಸುತ್ತೇವೆ. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಸಭೆಗಳಲ್ಲಿ ಕೇಳುತ್ತೇವೆ. ಪ್ರಯಾಣಕ್ಕೆ ಹೊರಟಾಗ ಅಡ್ಡ ಬಂದರೆ ಮರಳಿ ಒಳಗೆ ಬಂದು ಕುಳಿತು, ಒಂದು ಗುಟುಕು ನೀರು ಕುಡಿದು ಹೊರಡುತ್ತೇವೆ. ಇಷ್ಟೆಲ್ಲ ಗಾದೆ, ಕಥೆ, ಶಕುನಗಳಲ್ಲಿ ಬೆಕ್ಕು ಕದಿಯುತ್ತದೆ, ಬೇಟೆಯಾಡುತ್ತದೆ, ಮೋಸ ಮಾಡುತ್ತದೆ, ಕಾಶಿಗೂ ಹೋಗಿಬರುತ್ತದೆ. ಆದರೆ ಎಲ್ಲಿಯೂ ಕಾಯಿಲೆ ಬೀಳುವುದಿಲ್ಲ. ಬೆಕ್ಕಿಗೆ ಒಂಬತ್ತು ಜೀವ ಎಂಬ ಪರದೇಶದ ಮಾತೂ ಈಗ ನಮ್ಮಲ್ಲಿಗೆ ಬಂದಿದೆ. ಒಂಬತ್ತು ಜೀವವಿದ್ದವಕ್ಕೆ ವೈದ್ಯನೇಕೆ?

ಈ ಸಂಚಿಕೆಯಲ್ಲಿ ನನ್ನ ಸಹಪಾಠಿಗಳು ದೇಶದ ಆರ್ಥಿಕ ಸ್ಥಿತಿ, ಮಹಿಳೆಯ ಸ್ಥಾನಮಾನ, ಬೀದರಿನ ಕೋಟೆ ಮುಂತಾದ ಘನವಾದ ವಿಷಯಗಳ ಮೇಲೆ ಲೇಖನಿ ಓಡಿಸಿರುವರು. ಅವುಗಳ ನಡುವೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪ್ರಾಣಿಯ ಕಾಯಿಲೆಯ ಕುರಿತು ಬರೆಯಹೊರಟ ನನ್ನನ್ನು ಕಂಡು ಓದುಗರು ನಕ್ಕರೆ ನಾನು ಬೇಸರಪಡುವುದಿಲ್ಲ. ನನ್ನ ವಿಷಯಗಳು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಪಶುವೈದ್ಯರ ಬಾಯಿಂದ ಕೇಳಿ, ಅವರು ತೋರಿಸಿದ್ದನ್ನು ಕಣ್ಣಾರೆ ನೋಡಿ, ಮನೆಗೆ ಬಂದು ಓದಿ ತಿಳಿದುಕೊಂಡದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಾನಿರುವುದು ಚಿದ್ರಿಯಲ್ಲಿ. ಬೀದರ್ ನಗರ ಬೆಳೆಯುತ್ತ ಬಂದು ನಮ್ಮನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹಗಲೆಲ್ಲ ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಗುಡುಗುತ್ತವೆ. ಆದರೂ ನಮ್ಮ ಓಣಿಯಲ್ಲಿ ಬೆಳಗಾಗುವುದು ಇನ್ನೂ ಎಮ್ಮೆಯ ಕೂಗಿನಿಂದಲೇ. ಅಪ್ಪ ಗಾಂಧಿಗಂಜಿನಲ್ಲಿ ಹಮಾಲಿ ಮಾಡುತ್ತಾರೆ. ಅವ್ವ ಒಂದು ಎಮ್ಮೆ ಸಾಕಿದ್ದಾಳೆ. ಕಳೆಯ ದಿನಗಳಲ್ಲಿ ಕೂಲಿಗೂ ಹೋಗುತ್ತಾಳೆ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ.

ಅಕ್ಷರ ಬಾರದಿದ್ದರೂ ದನದ ಕಾಯಿಲೆಯನ್ನು ಓದುವುದರಲ್ಲಿ ಅವ್ವನನ್ನು ಮೀರಿಸುವವರು ಕಡಿಮೆ. ಎಮ್ಮೆ ಮೆಲುಕು ಬಿಟ್ಟಿತೆಂದರೆ ಅವಳ ಕೈಯ ರೊಟ್ಟಿ ಹಂಚಿನ ಮೇಲೆಯೇ ಉಳಿಯುತ್ತದೆ. ಮೂಗು ಒಣಗಿದೆಯೇ, ಕಿವಿ ತಣ್ಣಗಿವೆಯೇ, ಎಡಗಡೆಯ ಹೊಟ್ಟೆ ಉಬ್ಬಿದೆಯೇ, ಸೆಗಣಿ ಹೇಗಿದೆ ಎಂದು ಕ್ಷಣದಲ್ಲಿ ನೋಡಿ, ಇದು ಮನೆಮದ್ದಿಗೆ ಬಗ್ಗುವುದೋ ಡಾಕ್ಟರನ್ನು ಕರೆಯಬೇಕೋ ಎಂಬುದನ್ನು ತೀರ್ಮಾನಿಸಿಬಿಡುತ್ತಾಳೆ. ಇದು ಅವಳೊಬ್ಬಳ ಜಾಣತನವಲ್ಲ. ಔರಾದ, ಭಾಲ್ಕಿ ಕಡೆಯ ಯಾವ ಒಕ್ಕಲಿಗನಿಗೂ ಈ ವಿದ್ಯೆ ಉಂಟು. ಇದು ದೇವಣಿ ದನಗಳ ಸೀಮೆ. ಇಲ್ಲಿ ಒಂದು ಎತ್ತು ಬಿದ್ದರೆ ಒಂದು ಸಂಸಾರವೇ ಕುಸಿಯುತ್ತದೆ. ಬೆಲೆಯುಳ್ಳ ಪ್ರಾಣಿಯ ಕಾಯಿಲೆಯನ್ನು ಜನ ತಲೆಮಾರುಗಳಿಂದ ಕಲಿಯುತ್ತ ಬಂದಿದ್ದಾರೆ.

ಲೋಕದ ಪಶುವೈದ್ಯಶಾಸ್ತ್ರ ಬೆಳೆದದ್ದೂ ಇದೇ ದಾರಿಯಲ್ಲಿ. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋದ್ ಬೂರ್ಗೆಲಾ ಎಂಬಾತನಿಂದ ಆಧುನಿಕ ಕಾಲದ ಮೊದಲ ಪಶುವೈದ್ಯ ಶಾಲೆ ಸ್ಥಾಪಿತವಾದಾಗ ಮುಂದಿದ್ದ ದೊಡ್ಡ ಚಿಂತೆ ದನಗಳ ಮಹಾಮಾರಿಯದು, ಜೊತೆಗೆ ಕುದುರೆಗಳದು. ನಮ್ಮ ಹಿರಿಯರು ದೊಡ್ಡ ರೋಗವೆಂದು ಕರೆದ ಆ ಮಾರಿ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಬೆಕ್ಕಿನ ಸರದಿ ಬಹಳ ತಡವಾಗಿ ಬಂತು. ಅದು ಹಾಲು ಕೊಡುವುದಿಲ್ಲ, ಗಾಡಿ ಎಳೆಯುವುದಿಲ್ಲ, ಸಂತೆಯಲ್ಲಿ ಮಾರಾಟವಾಗುವುದಿಲ್ಲ. ಹೀಗಾಗಿ ಎಮ್ಮೆಯ ಮೆಲುಕಿನಂತೆ ಬೆಕ್ಕಿನಲ್ಲಿ ನೋಡಬೇಕಾದ ಗುರುತು ಯಾವುದೆಂದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ತಿಳಿಯದಿರಲು ಬೆಕ್ಕಿನ ಸ್ವಭಾವವೂ ಒಂದು ಕಾರಣ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿಯ ಬಳಿ, ಮನುಷ್ಯನ ಎಲುಬುಗಳ ಪಕ್ಕದಲ್ಲಿಯೇ ಒಂದು ಬೆಕ್ಕಿನ ಎಲುಬುಗಳು ದೊರೆತ ಸಂಗತಿಯನ್ನು 2004ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಷ್ಟು ಪುರಾತನವಾದ ಸಹವಾಸವಿದ್ದರೂ ಬೆಕ್ಕು ಮನುಷ್ಯನಿಗೆ ತನ್ನ ನೋವನ್ನು ಹೇಳಿಕೊಳ್ಳಲು ಕಲಿಯಲಿಲ್ಲ. ಕಾಡಿನಲ್ಲಿ ಅದು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಆಹಾರವೂ ಹೌದು. ನರಳುವ ಚಿಕ್ಕ ಪ್ರಾಣಿಯನ್ನು ದೊಡ್ಡ ಪ್ರಾಣಿ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಮೈಯಲ್ಲಿ ಶಕ್ತಿ ಕುಂದಿದಾಗ ಮೂಲೆ ಸೇರಿ ಸದ್ದಿಲ್ಲದೆ ಇರುವುದು ಅದರ ಹುಟ್ಟುಗುಣ. ಇನ್ನೊಂದು ವಿಚಿತ್ರವೆಂದರೆ, ಸುಖವಾಗಿರುವಾಗ ಗುರುಗುರು ಎನ್ನುವ ಬೆಕ್ಕು ಕೆಲವೊಮ್ಮೆ ಪ್ರಾಣಾಂತಿಕ ನೋವಿನಲ್ಲಿಯೂ ಗುರುಗುರು ಎನ್ನುತ್ತದೆ. ಆ ಸದ್ದನ್ನೇ ನಂಬಿ ನಿಶ್ಚಿಂತರಾಗಿ ಕೂಡುವಂತಿಲ್ಲ.

ಇದೆಲ್ಲ ನನಗೆ ತಿಳಿದು ಬಂದದ್ದು ಕಳೆದ ಚಳಿಗಾಲದಲ್ಲಿ. ನಮ್ಮ ಕುಳ್ಳಿನ ಒಟ್ಟಿಲ ಹಿಂದೆ ಒಂದು ಬೂದುಬಣ್ಣದ ಬೆಕ್ಕು ಮೂರು ಮರಿ ಹಾಕಿತ್ತು. ಮರಿಗಳಿಗೆ ಸುಮಾರು ನಾಲ್ಕು ವಾರವಾದಾಗ ತಾಯಿ ರಸ್ತೆ ದಾಟುವಾಗ ಯಾವುದೋ ವಾಹನಕ್ಕೆ ಸಿಕ್ಕಿ ಸತ್ತಿತು. ಮರಿಗಳನ್ನು ಒಂದು ಬಿದಿರು ಬುಟ್ಟಿಯಲ್ಲಿಟ್ಟು ಮನೆಯೊಳಗೆ ತಂದೆವು. ಎರಡು ಮರಿಗಳು ಹಗಲಿರುಳು ಕೂಗಿ ಓಣಿಯನ್ನೇ ಎಬ್ಬಿಸಿದವು. ಮೂರನೆಯದು, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದದ್ದು, ಮೊದಲ ದಿನ ಕೂಗಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಯಿತು. ನೋಡಲು ಬಂದ ಓಣಿಯ ಹೆಂಗಸರು, “ಎರಡೂ ಭಾಳ ಕಾಡ್ತಾವ, ಇದೊಂದು ಶಾಣ್ಯಾ ಅದ ನೋಡ್ರಿ,” ಎಂದು ಅದನ್ನು ಹೊಗಳಿದರು.

ಅವ್ವ ಎಮ್ಮೆಗೆ ಮೇವು ಹಾಕಿ ಒಳಗೆ ಬಂದವಳು ಬುಟ್ಟಿಯ ಬಳಿ ಕುಳಿತಳು. ಕೂಗುವ ಎರಡನ್ನು ಬದಿಗೆ ಸರಿಸಿ ಸುಮ್ಮನಿದ್ದದ್ದನ್ನು ಎತ್ತಿ ತನ್ನ ಕೊರಳಿಗೆ ಒತ್ತಿಕೊಂಡಳು. “ಇದು ಶಾಣ್ಯಾ ಆಗಿಲ್ಲ, ತಣ್ಣಗ ಆಗ್ಯಾದ. ಅಳೋ ಕೂಸಿನ ಚಿಂತಿ ಇಲ್ಲವ್ವಾ. ಸುಮ್ಮಗ ಬಿದ್ದ ಕೂಸಿನ ಕಡಿ ನೋಡಬೇಕು,” ಎಂದಳು.

ಈ ಮಾತನ್ನು ಅವಳು ಎಲ್ಲಿಂದ ಕಲಿತಳೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗಿಂತ ಮೊದಲು ಅವಳಿಗೊಂದು ಹೆಣ್ಣುಕೂಸು ಹುಟ್ಟಿತ್ತು. ಇಪ್ಪತ್ತು ದಿನದ್ದಿರುವಾಗ ಎರಡು ದಿನ ಬಿಡದೆ ಅತ್ತು, ಮೂರನೆಯ ಸಂಜೆ ಅಳು ನಿಲ್ಲಿಸಿತು. ಕೂಸಿಗೆ ಸಮಾಧಾನವಾಯಿತೆಂದು ಹಿರಿಯರು ಹೇಳಿದರು. ರಾತ್ರಿ ಗಾಡಿಯಿಲ್ಲ, ಕೈಯಲ್ಲಿ ರೊಕ್ಕವಿಲ್ಲ, ನಾಳಿಗೆ ನೋಡೋಣ ಎಂದರು. ನಾಳೆಗೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

“ನಾಳಿಗಿ ನೋಡಮು” ಎಂಬುದು ಬಡವರ ಮನೆಯ ಕಾನೂನು. ಅದನ್ನು ಯಾರೂ ಕ್ರೂರತನದಿಂದ ಮಾಡಿದ್ದಲ್ಲ. ಆಸ್ಪತ್ರೆಗೆ ಹೋಗುವುದೆಂದರೆ ಒಬ್ಬರ ದಿನಗೂಲಿ ಹೋಗುವುದು, ಮೇಲೆ ಆಟೋದ ಬಾಡಿಗೆ ಕೊಡುವುದು. ಮನುಷ್ಯರೇ ಜ್ವರವನ್ನು ಮೂರು ದಿನ ಮೈಯಲ್ಲಿಟ್ಟುಕೊಂಡು ತಿರುಗುವ ಮನೆಯಲ್ಲಿ ಬೆಕ್ಕಿನ ಮರಿಗೆ ಡಾಕ್ಟರು ಎಂದರೆ ನಗೆ ಬರುವುದು ಸಹಜ. ಆದರೆ ಆ ದಿನ ಅವ್ವ ತನ್ನ ಸೆರಗಿನ ಗಂಟು ಬಿಚ್ಚಿ ಎರಡು ನೂರು ರೂಪಾಯಿ ನನ್ನ ಕೈಗಿಟ್ಟು, “ಈಗೇ ಹೋಗು” ಎಂದಳು. ಅಪ್ಪ ಗಂಜಿನಿಂದ ಬಂದ ಮೇಲೆ ಏನೆನ್ನುವರೋ ಎಂದು ನಾನು ಅಳುಕಿದೆ. ಸಂಜೆ ಎಲ್ಲವನ್ನೂ ಕೇಳಿದ ಅಪ್ಪ ಬಹಳ ಹೊತ್ತು ಮಾತಾಡದೆ ಕುಳಿತಿದ್ದು, “ಹೋಗಿದ್ದು ಛಲೋ ಆಯ್ತು” ಎಂದಷ್ಟೇ ಹೇಳಿದರು.

ಬೀದರಿನವರಾದ ನಮಗೆ ಒಂದು ಭಾಗ್ಯವಿದೆ. ಅದರ ಅರಿವು ನಮ್ಮಲ್ಲಿ ಅನೇಕರಿಗೆ ಇಲ್ಲ. ಪಶುವೈದ್ಯಕ್ಕಾಗಿಯೇ ಇರುವ ಕರ್ನಾಟಕದ ವಿಶ್ವವಿದ್ಯಾಲಯ, ಅಂದರೆ 2004ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರಿನಲ್ಲಿಲ್ಲ, ಮೈಸೂರಿನಲ್ಲಿಲ್ಲ, ನಮ್ಮೂರಿನ ನಂದಿನಗರದಲ್ಲಿದೆ. ಅಲ್ಲಿಯೇ ಪಶುವೈದ್ಯಕೀಯ ಕಾಲೇಜೂ ಅದರ ಚಿಕಿತ್ಸಾಲಯವೂ ಇವೆ. ಹೋಗುವ ಮೊದಲು ಅವ್ವ ಒಂದು ಪ್ಲಾಸ್ಟಿಕ್ ಬಾಟಲಿಗೆ ಬೆಚ್ಚನೆಯ ನೀರು ತುಂಬಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮರಿಯ ಪಕ್ಕದಲ್ಲಿಟ್ಟಳು. ಹಾಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋದೆ.

ಅಲ್ಲಿ ಎಮ್ಮೆ, ಆಕಳು, ಆಡುಗಳ ನಡುವೆ ನನ್ನ ಪುಟ್ಟ ಗಂಟನ್ನು ಬಿಚ್ಚಲು ಸಂಕೋಚವಾಯಿತು. ಡಾಕ್ಟರು ನಗಲಿಲ್ಲ. ಅವರ ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬ ವೈದ್ಯ ವಿದ್ಯಾರ್ಥಿನಿ ನಿಂತಿದ್ದಳು. ಮೊದಲು ಉಷ್ಣಮಾಪಕವಿಟ್ಟರು: 95 ಡಿಗ್ರಿ. ಆ ವಯಸ್ಸಿನ ಮರಿಗೆ 100ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಂತೆ. ಮನುಷ್ಯರ ಲೆಕ್ಕದಲ್ಲಿ ನೋಡಿದರೆ ಜ್ವರವೆನಿಸುವಷ್ಟು ಬಿಸಿಯೇ ಬೆಕ್ಕಿನ ಆರೋಗ್ಯ. ಆಮೇಲೆ ತುಟಿ ಎತ್ತಿ ಒಸಡು ನೋಡಿದರು. ಗುಲಾಬಿಯಾಗಿರಬೇಕಾದದ್ದು ಸುಣ್ಣದಂತೆ ಬಿಳಿಚಿತ್ತು. ತೂಕ ಮಾಡಿದರೆ 260 ಗ್ರಾಂ. ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರಬೇಕೆಂಬುದು ಸ್ಥೂಲವಾದ ಲೆಕ್ಕ. ನಾಲ್ಕು ವಾರಕ್ಕೆ ಅದು 400 ದಾಟಿರಬೇಕಿತ್ತು.

ಮರಿಯ ಕೂದಲಿನಲ್ಲಿ ಕಪ್ಪು ಪುಡಿಯಂಥದ್ದು ತುಂಬಿತ್ತು. ಡಾಕ್ಟರು ಅದನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಒಂದು ನಿಮಿಷದಲ್ಲಿ ಹತ್ತಿಯ ಮೇಲೆ ಕೆಂಪು ಕಲೆಗಳು ಹರಡಿದವು. ಅದು ಮಣ್ಣಲ್ಲ, ಚಿಗಟಗಳ ಹಿಕ್ಕೆ, ಅಂದರೆ ಅವು ಕುಡಿದು ಹೊರಹಾಕಿದ ಮರಿಯ ರಕ್ತವೇ. “ದೊಡ್ಡ ಬೆಕ್ಕಿಗೆ ಚಿಗಟ ಬರೇ ತುರಿಕೆ. ಇಷ್ಟು ಸಣ್ಣದಕ್ಕ ಅದು ರಕ್ತವನ್ನೇ ಖಾಲಿ ಮಾಡ್ತದರಿ,” ಎಂದು ಆ ವಿದ್ಯಾರ್ಥಿನಿ ವಿವರಿಸಿದಳು. ತಾಯಿ ಹೋದದ್ದು, ಚಳಿ, ಹಸಿವು, ಚಿಗಟ—ನಾಲ್ಕೂ ಕೂಡಿ ಮರಿಯನ್ನು ಸುಮ್ಮನಾಗಿಸಿದ್ದವು.

ಚಿಕಿತ್ಸೆಯ ಕ್ರಮವನ್ನು ನೋಡಿ ನನಗೆ ಆಶ್ಚರ್ಯವಾಯಿತು. ಹಸಿದ ಮರಿಗೆ ಮೊದಲು ಹಾಲು ಕೊಡಲಿಲ್ಲ. ಮೊದಲು ಬಿಸಿ ಕೊಟ್ಟರು. ಮೈ ತಣ್ಣಗಾದ ಮರಿಯ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ. ಆಗ ಹಾಲು ಹಾಕಿದರೆ ಅದು ಅರಗದೆ ಕೊಳೆಯುತ್ತದೆ, ಇಲ್ಲವೆ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಬಿಸಿಯನ್ನೂ ಒಮ್ಮೆಲೆ ಕೊಡಬಾರದು. ಗಂಟೆಗಟ್ಟಲೆ, ನಿಧಾನವಾಗಿ ಏರಿಸಬೇಕು. ನಡುವೆ ಒಸಡಿಗೆ ಒಂದೆರಡು ಹನಿ ಸಕ್ಕರೆನೀರು ಸವರಿದರು. ಹಸಿದ ಮರಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿದುಹೋಗುವುದೇ ಅದರ ನಿತ್ರಾಣಕ್ಕೆ ಒಂದು ಮುಖ್ಯ ಕಾರಣವಂತೆ. ಹೆಗಲ ಮೇಲಿನ ಸಡಿಲವಾದ ಚರ್ಮದ ಕೆಳಗೆ ಬೆಚ್ಚಗಿನ ಸಲೈನ್ ಹನಿಸಿದರು. ಮೈ ಬೆಚ್ಚಗಾದ ಮೇಲೆ ಸಣ್ಣ ಬಾಚಣಿಗೆಯಿಂದ ಚಿಗಟ ತೆಗೆದರು. ಸಂಜೆಯ ಹೊತ್ತಿಗೆ ಮರಿ ಒಂದು ಸಲ ಬಾಯಿ ತೆರೆದು ಸಣ್ಣಗೆ ಕೂಗಿತು. “ಈಗ ಹಾಲು ಕೊಡ್ರಿ,” ಎಂದರು ಡಾಕ್ಟರು.

ಅಂದು ಕಾಯುತ್ತ ಕುಳಿತಾಗಲೂ ಆಮೇಲೆ ಎರಡು ಸಲ ಹೋದಾಗಲೂ ನಾನು ಅವರನ್ನು ಕೇಳಿದ ಪ್ರಶ್ನೆ ಒಂದೇ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು? ಅವರು ಹೇಳಿದ್ದನ್ನು ಟಿಪ್ಪಣಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ.

ಕಾಯಬಾರದವುಗಳಲ್ಲಿ ಮೊದಲನೆಯದು ಉಸಿರು. ದೊಡ್ಡ ಬೆಕ್ಕು ಮಲಗಿರುವಾಗ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಎಳೆಯ ಮರಿಯದು ತುಸು ಹೆಚ್ಚು. ನಿದ್ದೆಯಲ್ಲಿಯೂ ಅದು 40 ದಾಟಿ ಏರುತ್ತಲೇ ಇದ್ದರೆ, ಪ್ರತಿ ಉಸಿರಿಗೂ ಹೊಟ್ಟೆ ಒಳಗೆ ಸೇದುತ್ತಿದ್ದರೆ ಹೊರಡಬೇಕು. ನಾಯಿ ಬಾಯಿ ತೆರೆದು ತೇಕುವುದು ಸಹಜ. ಬೆಕ್ಕು ಹಾಗೆ ಬಾಯಿ ತೆರೆದು ತೇಕಿದರೆ ಒಂದು ಗಳಿಗೆಯನ್ನೂ ಕಳೆಯಬಾರದು.

ಎರಡನೆಯದು ಒಸಡಿನ ಬಣ್ಣ. ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ, ನೀಲಿಯಾಗಿದ್ದರೆ ಉಸಿರಿನ ಗಾಳಿ ಸಾಲುತ್ತಿಲ್ಲ, ಹಳದಿಯಾಗಿದ್ದರೆ ಕಾಮಾಲೆ. ಬೆರಳಿನಿಂದ ಒಸಡನ್ನು ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಮುಟ್ಟಿದರೆ ತೇವವಾಗಿ ಜಾರಬೇಕು. ಒಣಗಿ ಬೆರಳಿಗೆ ಅಂಟಿದರೆ ಮೈಯಲ್ಲಿ ನೀರು ಬತ್ತಿದೆಯೆಂದು ತಿಳಿಯಬೇಕು.

ಮೂರನೆಯದು ತಣ್ಣಗಿನ ಮೈ ಮತ್ತು ಮೌನ. ಮರಿ ಎತ್ತಿದಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿದ್ದರೆ, ಬಾಯಿಗಿಟ್ಟದ್ದನ್ನು ಚೀಪದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಅದು ನಿದ್ದೆಯಲ್ಲ. ಸೆಳವು ಬಂದು ಕೈಕಾಲು ಎಳೆದುಕೊಂಡರೂ ಹಾಗೆಯೇ.

ನಾಲ್ಕನೆಯದು ವಾಂತಿ ಭೇದಿ. ಒಂದು ಸಲ ಕಕ್ಕಿ ಮತ್ತೆ ಆಡಿಕೊಂಡಿದ್ದರೆ ಹೆದರಬೇಕಾಗಿಲ್ಲ. ಮೇಲಿಂದ ಮೇಲೆ ಆದರೆ, ಅದರಲ್ಲಿ ರಕ್ತ ಕಂಡರೆ, ಅಂಗೈಯಷ್ಟು ಮೈಯಲ್ಲಿ ಇರುವ ನೀರು ಎಷ್ಟು ಹೊತ್ತು ಉಳಿದೀತು? ಊಟ ಬಿಟ್ಟದ್ದಕ್ಕೂ ಗಡಿಯಾರವುಂಟು. ದೊಡ್ಡ ಬೆಕ್ಕು ಒಂದು ದಿನ ಉಪವಾಸವಿದ್ದರೆ ಎಚ್ಚರಿಕೆ ಸಾಕು. ಎರಡು ಮೂರು ತಿಂಗಳ ಮರಿ ಅರ್ಧ ದಿನ ಏನನ್ನೂ ಮುಟ್ಟದಿದ್ದರೆ ಕೇಳಬೇಕು. ಇನ್ನೂ ಹಾಲು ಕುಡಿಯುವ ಮರಿ ನಾಲ್ಕಾರು ಗಂಟೆ ಬಾಯಿ ಮುಚ್ಚಿದರೆ ಆಗಲೇ ಅಪಾಯ.

ಇವುಗಳ ಜೊತೆಗೆ ನೋಡಿದೊಡನೆ ತಿಳಿಯುವವೂ ಇವೆ: ಮೇಲಿನಿಂದ ಬಿದ್ದದ್ದು, ವಾಹನ ತಾಗಿದ್ದು, ನಾಯಿ ಕಚ್ಚಿದ್ದು, ಹುಳ ಬಿದ್ದ ಗಾಯ, ಮೂತ್ರ ಮಾಡಲು ತಿಣುಕಿ ಒಂದು ಹನಿಯೂ ಬಾರದಿರುವುದು, ವಿಷ ತಿಂದದ್ದು. ಹೊರಗೆ ಗಾಯ ಕಾಣಲಿಲ್ಲವೆಂದು ಒಳಗೂ ಇಲ್ಲವೆಂದು ತಿಳಿಯಬಾರದು.

ಇನ್ನು ಬೆಳಗಿನವರೆಗೆ ಕಾಯಬಹುದಾದವು: ಆಡುತ್ತ ಉಣ್ಣುತ್ತ ಇರುವ ಮರಿಯ ಒಂದೆರಡು ಸೀನು, ಕಣ್ಣಿನ ಅಂಚಿನ ತುಸು ಪಿಸುರು, ಒಂದು ಸಲದ ತೆಳು ಮಲ, ತುರಿಕೆ. ಇವಕ್ಕೂ ಔಷಧ ಬೇಕು. ಆದರೆ ನಡುರಾತ್ರಿ ಓಡಬೇಕಾಗಿಲ್ಲ. ಉಣ್ಣುವುದು, ಆಡುವುದು, ಬೆಚ್ಚಗಿರುವುದು ಈ ಮೂರೂ ಇದ್ದರೆ ರಾತ್ರಿ ಕಳೆಯಬಹುದೆಂಬುದು ಸುಲಭವಾದ ಲೆಕ್ಕ.

ಮನೆಮದ್ದಿನ ವಿಷಯದಲ್ಲಿ ಡಾಕ್ಟರು ಬಹಳ ಕಟುವಾಗಿದ್ದರು. ಮನುಷ್ಯರ ಜ್ವರದ ಮಾತ್ರೆ ಪ್ಯಾರಸಿಟಮಾಲ್ ಬೆಕ್ಕಿಗೆ ನೇರ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಅರ್ಧ ಮಾತ್ರೆಯೇ ಒಂದು ಮರಿಯ ಪ್ರಾಣ ತೆಗೆಯಬಲ್ಲುದು. ಆಗ ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಪಾದಗಳು ಬಾಯುತ್ತವೆ. ಫಿನಾಯಿಲಿನಿಂದ ಒರೆಸಿದ ನೆಲವನ್ನು ಒಣಗುವ ಮೊದಲು ತುಳಿದು ಪಾದ ನೆಕ್ಕಿದರೂ ಅಪಾಯ. ಚಿಗಟಕ್ಕೆಂದು ಸೀಮೆಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇದೆ. ದನಕ್ಕೂ ನಾಯಿಗೂ ತಂದ ಉಣ್ಣೆಯ ಔಷಧವನ್ನೇ ಬೆಕ್ಕಿಗೆ ಸುರಿಯುವವರೂ ಇದ್ದಾರೆ. ಬೆಕ್ಕು ದಿನವೆಲ್ಲ ಮೈ ನೆಕ್ಕುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಹಸುವಿನ ಹಾಲು ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ. ಮರಿಗಳಿಗಾಗಿಯೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಅದನ್ನೂ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ತಾಯಿಯ ಹತ್ತಿರ ಕುಡಿಯುವಾಗ ಇರುವಂತೆ ಹೊಟ್ಟೆಯ ಮೇಲೆಯೇ ಇರಿಸಿ ಕುಡಿಸಬೇಕು. ಮರಿ ನಮ್ಮನ್ನು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನಾವೂ ನಮ್ಮ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ.

ಹೋಗುವಾಗ ಮೊದಲು ಫೋನು ಮಾಡಿ ತೆರೆದಿದೆಯೇ ಎಂದು ಕೇಳುವುದು ಒಳ್ಳೆಯದು. ಮನೆಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962; ಅದು ಮುಖ್ಯವಾಗಿ ರೈತರ ದನಕರುಗಳಿಗಾಗಿ ಏರ್ಪಟ್ಟಿದ್ದರೂ ಊರ ಪಶುವೈದ್ಯರ ದಾರಿ ಕೇಳಲು ಅಡ್ಡಿಯಿಲ್ಲ. ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬೆಚ್ಚನೆಯ ಬಾಟಲಿಯೊಡನೆ ಒಯ್ಯಬೇಕು. ಯಾವಾಗ ಉಂಡಿತು, ಎಷ್ಟು ಸಲ ಕಕ್ಕಿತು, ಏನು ಔಷಧ ಕೊಟ್ಟಿರಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಹಣೆಯ ಮೇಲೆ ಚುಕ್ಕೆಯಿದ್ದ ಆ ಮರಿ ಉಳಿಯಿತು. ದಿನವೂ ಸಂಜೆ ಅದನ್ನು ಓಣಿಯ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿಸುತ್ತಿದ್ದೆ. ಅಂಗಡಿಯ ಕಾಕಾ ಮೊದಮೊದಲು, “ಕಿಲೋಕ್ಕ ಹೆಂಗ ಕೊಡ್ತಿ ತಂಗಿ?” ಎಂದು ಚೇಷ್ಟೆ ಮಾಡುತ್ತಿದ್ದರು. ಒಂದು ವಾರ ಕಳೆಯುವುದರೊಳಗೆ, “ಇವತ್ತ 12 ಗ್ರಾಂ ಏರ್ಯಾದ ನೋಡು,” ಎಂದು ನನಗಿಂತ ಮೊದಲು ಅವರೇ ಲೆಕ್ಕ ಹೇಳತೊಡಗಿದರು.

ಎಲ್ಲ ಮರಿಗಳೂ ಹೀಗೆ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಿ ನೆರೆಮನೆಯ ಮೂರು ತಿಂಗಳ ಗಂಡುಮರಿ ಊಟ ಬಿಟ್ಟಿತು, ಹಳದಿಯಾಗಿ ಕಕ್ಕಿತು; ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕೂಡುತ್ತಿತ್ತು, ಕುಡಿಯಲಾರದು. ಬಿಸಿಲಿಗೆ ಹಾಗಾಗಿದೆಯೆಂದು ಮನೆಯವರು ಸಮಾಧಾನ ಹೇಳಿಕೊಂಡರು. ನನಗೆ ತಿಳಿದು ಒಟ್ಟಿಗೆ ಕರೆದೊಯ್ಯುವಾಗ ಮೂರನೆಯ ದಿನವಾಗಿತ್ತು. ಅದು ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗ. ಅದರ ವೈರಾಣು ಕರುಳಿನ ಒಳಪದರವನ್ನೂ ರಕ್ತದ ಬಿಳಿಕಣಗಳನ್ನೂ ಒಟ್ಟಿಗೇ ನಾಶಮಾಡುತ್ತದೆ. ಸಲೈನ್ ಏರಿಸಿದರು, ಸೂಜಿ ಹಾಕಿದರು. ಮರುದಿನ ಅದು ಸತ್ತಿತು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಹಾಕಿಸಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಹಾಕಿಸುತ್ತ ಬಂದರೆ ಈ ರೋಗವನ್ನು ಬಹುಮಟ್ಟಿಗೆ ತಡೆಯಬಹುದು. ವೈರಾಣು ಮನೆಯ ನೆಲದಲ್ಲಿ, ಹಾಸಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲುದಾದ್ದರಿಂದ ಬ್ಲೀಚಿಂಗ್ ನೀರಿನಿಂದ ತೊಳೆಯದೆ, ಲಸಿಕೆಯಾಗದ ಬೇರೆ ಮರಿಯನ್ನು ಅಲ್ಲಿಗೆ ತರಬೇಡಿರೆಂದು ಡಾಕ್ಟರು ಹೇಳಿ ಕಳಿಸಿದರು. ಆ ಮನೆಯ ಎಂಟು ವರ್ಷದ ಹುಡುಗ ದಾರಿಯುದ್ದಕ್ಕೂ ಖಾಲಿ ಪೆಟ್ಟಿಗೆಯನ್ನು ತಾನೇ ಹಿಡಿದುಕೊಂಡು ಬಂದ, ಯಾರಿಗೂ ಕೊಡಲಿಲ್ಲ.

ಒಂದು ಬೆಕ್ಕಿನ ಮರಿಗೆ ಇಷ್ಟೆಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಮೆಲುಕು ಬಿಟ್ಟ ಎಮ್ಮೆಯನ್ನು ಗುರುತಿಸುವ ಕಣ್ಣೇ ಸುಮ್ಮನಾದ ಮರಿಯನ್ನೂ ಗುರುತಿಸುತ್ತದೆ, ಸುಮ್ಮನಾದ ಕೂಸನ್ನೂ ಗುರುತಿಸುತ್ತದೆ. ಅದಕ್ಕೆ ಹಣ ಬೇಕಾಗಿಲ್ಲ. ಒಸಡು ನೋಡಲು, ಉಸಿರು ಎಣಿಸಲು, ಮೈ ಮುಟ್ಟಲು ಒಂದು ನಿಮಿಷ ಸಾಕು. ಹಣ ಬೇಕಾಗುವುದು ಆಮೇಲೆ. ಬೇಗ ನೋಡಿದಷ್ಟೂ ಅದೂ ಕಡಿಮೆಯಾಗುತ್ತದೆ. ನಾಳೆಗೆ ಬಿಡಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು ಎಂಬುದನ್ನು ತಿಳಿದವರು ನಾಳೆಗೆ ಬಿಟ್ಟರೂ ತಪ್ಪಿಲ್ಲ. ತಿಳಿಯದೆ ಬಿಡುವುದೇ ಕಷ್ಟಕ್ಕೆ ಕಾರಣ.

ನಾನು ಬರೆದುಕೊಂಡ ಗುರುತುಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ನಮ್ಮ ಪಡಸಾಲೆಯಲ್ಲಿ ಅಂಟಿಸಿದ್ದೇನೆ. ಅಂಟಿಸುವ ಮೊದಲು ಅವ್ವನಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, ಮೂರನೆಯದನ್ನು ಮೊದಲಿಗೆ ತಾ ಎಂದಳು. ಹಾಗಾಗಿ ನಮ್ಮ ಹಾಳೆಯಲ್ಲಿ ಉಸಿರು, ಒಸಡುಗಳಿಗಿಂತ ಮೇಲೆ, ಅವಳು ಹೇಳಿದ ಮಾತಿನಲ್ಲಿಯೇ ಬರೆದ ಒಂದು ಸಾಲು ಇದೆ: “ಸುಮ್ಮಗ ಆದ್ರ ಕಾಯಬ್ಯಾಡ್ರಿ.”